ಗುಡ್ಡ ಇಳಿಯದ ಕಪ್ಪೆ

ತಾನು ಗಂಡನ ಮನೆಗೆ ಹೊರಟ ದಿನ ಬೆಳಿಗ್ಗೆ ನನ್ನ ಸೋದರತ್ತೆ ನಿಜವಾಗಿಯೂ ಗುಡ್ಡ ಹತ್ತಿದ್ದಳೋ, ಅದು ನಾನೇ ಕಟ್ಟಿಕೊಂಡ ಚಿತ್ರವೋ, ಬಹಳ ವರ್ಷ ಖಚಿತವಾಗಿ ಹೇಳಲಾರದೆ ಇದ್ದೆ. ಗುಡ್ಡದ ನೆತ್ತಿಯಲ್ಲಿ ಬೆಳೆಯುವ ಕರಡವೆಂಬ ಒರಟು ಹುಲ್ಲು ಒಣಗಿದ ವಾಸನೆ ಎಲ್ಲಿ ಬಂದರೂ ಆ ಚಿತ್ರ ಏಳುತ್ತದೆ: ಇಬ್ಬನಿಯಲ್ಲಿ ಒದ್ದೆಯಾದ ಹಸಿರು ಸೀರೆ, ಅದರ ಅಂಚಿಗೆಲ್ಲ ಚುಚ್ಚಿಕೊಂಡ ಹುಲ್ಲಿನ ಮುಳ್ಳು. ಅಮ್ಮನನ್ನು ಕೇಳಿದರೆ ನಗುತ್ತಿದ್ದಳು. "ಹೊರಡೋ ದಿನ ಮದುಮಗಳನ್ನ ಗುಡ್ಡಕ್ಕೆ ಯಾರು ಬಿಡ್ತಾರೆ ಮಾರಾಯ? ನಿಂಗೆಂತೋ ಕನಸು."

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ಬಸರೀಕಟ್ಟೆ ಹತ್ತಿರದ ನಮ್ಮ ಮನೆಯ ಹಿಂದೆ, ಮರಗಳೆಲ್ಲ ಮುಗಿದು ಹುಲ್ಲು, ಗಾಳಿ, ಮಂಜು ಮಾತ್ರ ಉಳಿಯುವ ಗುಡ್ಡವಿತ್ತು. ಅಪ್ಪನ ತಂಗಿ ಈ ಅತ್ತೆ, ದನ ಹೊಡೆದುಕೊಂಡು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಮಳೆಗಾಲದಲ್ಲಿ ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಪ್ಪೆಗಳು ಹುಲ್ಲಿನ ಬುಡದಲ್ಲಿ ಕೂತು ಟಿಕ್ ಟಿಕ್ ಎನ್ನುತ್ತಿದ್ದವು. ಹೊಂಡವಿಲ್ಲ, ಕೆರೆಯಿಲ್ಲ, ಒದ್ದೆ ಎಲೆಯಡಿಯ ಮೊಟ್ಟೆಯಿಂದ ಗೊದಮೊಟ್ಟೆಯಲ್ಲ, ನೇರವಾಗಿ ಮರಿಕಪ್ಪೆಯೇ ಹೊರಬರುತ್ತಿತ್ತು. ಹುಟ್ಟುವುದು, ಕೂಗುವುದು, ಸಾಯುವುದು ಎಲ್ಲ ಆ ನೆತ್ತಿಯಲ್ಲೇ. ಕಾಲಿದ್ದ ಕಪ್ಪೆ ಎಲ್ಲಿಗೂ ಹೋಗುತ್ತಿರಲಿಲ್ಲ. ಬೇರೂರಿ ನಿಂತ ಕರಡವೋ ತನ್ನ ಮುಳ್ಳುಬೀಜವನ್ನು ಗಾಳಿಗೆ, ದನದ ಮೈಗೆ, ನಮ್ಮ ಬಟ್ಟೆಗೆ ಅಂಟಿಸಿ ಊರೂರಿಗೆ ಕಳಿಸುತ್ತಿತ್ತು. ಅದು ಗದ್ದೆ ಸೇರಬಾರದೆಂದು ಅಜ್ಜಿಯ ಕಟ್ಟುನಿಟ್ಟು: ಗುಡ್ಡದಿಂದ ಬಂದವರು ಜಗಲಿಯಲ್ಲಿ ಕೂತು ಮುಳ್ಳನ್ನೆಲ್ಲ ಹೆಕ್ಕಿ, ಬಚ್ಚಲೊಲೆಗೆ ಹಾಕಿಯೇ ಒಳಗೆ ಬರಬೇಕು. "ಇಬ್ರೂ ಗುಡ್ಡನೇ ಉಟ್ಕೊಂಡು ಬಂದೀರಲ್ಲ," ಎಂದು ಬೈಯುತ್ತಿದ್ದಳು.

ಮದುವೆ ನಿಶ್ಚಯವಾದ ಮಳೆಗಾಲದಲ್ಲಿ ಅತ್ತೆ ಟಿಫಿನ್ ಡಬ್ಬಿಯಲ್ಲಿ ಕೆಲವು ಕಪ್ಪೆ ತಂದು ಬಾವಿಕಟ್ಟೆಯ ಪಕ್ಕದ ಹಸಿರಿನಲ್ಲಿ ಬಿಟ್ಟಳು. ಅವು ಇಲ್ಲಿ ಕೂಗಿದರೆ ತಾನೂ ಗಂಡನ ಊರಾದ ನರಸಿಂಹರಾಜಪುರದ ಸೆಖೆಗೆ ಒಗ್ಗಿಕೊಳ್ಳುತ್ತೇನೆ ಎಂದು ನನ್ನ ಜೊತೆ ಪಂತ ಕಟ್ಟಿದಳು. ದಿನಾ ಸಂಜೆ ಕಿವಿಗೊಟ್ಟು ಕೂತೆವು. ಒಂದೂ ಕೂಗಲಿಲ್ಲ.

"ಅವಕ್ಕೆ ಗಂಡನ ಮನೆ ಹಿಡಿಸ್ಲಿಲ್ಲ ಮಾಣಿ," ಎಂದು ಡಬ್ಬಿ ತೊಳೆದಿಟ್ಟಳು. ನಗುತ್ತ ಹೇಳಿದಳು ಎಂದು ನನ್ನ ನೆನಪು. ಆ ನಗುವನ್ನೂ ಈಗ ಪೂರ್ತಿ ನಂಬಲಾರೆ.

ಆಮೇಲೆ ನಾನು ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿ, ಎಲ್ಲದಕ್ಕೂ ಪುರಾವೆ ಕೇಳುವ ಚಟ ಹತ್ತಿಸಿಕೊಂಡೆ. ಅಜ್ಜಿ ಹೋದಳು; ಮನೆ, ಜಗಲಿ ಬೇರೆಯವರ ಪಾಲಾದವು. ಅತ್ತೆಯನ್ನು ನೋಡಲು ಹೋದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ: "ಮೇಲೆ ಕಪ್ಪೆ ಕೂಗ್ತಿದಾವಾ?" ಹೂಂ ಎನ್ನುತ್ತಿದ್ದೆ. ಆ ಬೆಳಿಗ್ಗೆಯ ವಿಷಯ ಮಾತ್ರ ಕೇಳಲಿಲ್ಲ. ಇಲ್ಲ ಎಂದುಬಿಟ್ಟರೆ ಆ ಚಿತ್ರವೂ ಹೋಗುತ್ತದೆಂಬ ಅಂಜಿಕೆ.

ಹೋದ ವರ್ಷ ಅತ್ತೆ ತೀರಿಕೊಂಡಳು. ಅವಳ ಮಗಳು ಆ ಹಸಿರು ಸೀರೆಯನ್ನು ನನ್ನ ಅಮ್ಮನಿಗೆ ಕೊಟ್ಟಳು. ಹೊರಡುವ ದಿನಕ್ಕೆಂದೇ ತಂದ ಸೀರೆ; ಆಮೇಲೆ ಅತ್ತೆ ಅದನ್ನು ಉಡಲೇ ಇಲ್ಲವಂತೆ. ಅಂಚಿನ ಮಡಿಕೆಯೊಳಗೆ ನನ್ನ ಬೆರಳಿಗೆ ಏನೋ ಚುಚ್ಚಿತು. ಒಣ ಮುಳ್ಳೊಂದನ್ನು ಬಿಡಿಸಿ ತೆಗೆದೆ. ಮಾರನೆಯ ವಾರ ಗುಡ್ಡ ಹತ್ತಿ, ಒಂದು ತೆನೆ ಕಿತ್ತು ತಂದು, ಎರಡನ್ನೂ ಪಕ್ಕಪಕ್ಕ ಇಟ್ಟು ಲೆನ್ಸಿನಲ್ಲಿ ನೋಡಿದೆ. ಕರಡದ ಬೀಜವೇ.