ಗೋಡೆ ಕಡೆಯ ಹತ್ತೊಂಬತ್ತು ಸಾಲು

ನಮ್ಮತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಆಯ್ತಮ್ಮ ಎಂದು. ಅದು ಹೆತ್ತವರು ಇಟ್ಟ ಹೆಸರಲ್ಲ. ದಿಂಬಿನ ಚೀಲ ಹೊಲಿಯಲು ಕೊಟ್ಟವರು ಬಾಗಿಲಿಗೆ ಬಂದು ನಿಂತರೆ "ಇನ್ನೇನು, ಆಯ್ತಮ್ಮಾ, ಒಂದೇ ಒಂದು ಅಂಚು ಬಾಕಿ" ಎನ್ನುತ್ತಾರೆ. ಆ ಒಂದು ಅಂಚು ಮುಗಿಯುವ ಹೊತ್ತಿಗೆ ಕೊಟ್ಟವರಿಗೆ ಕೊಟ್ಟದ್ದೇ ಮರೆತುಹೋಗಿರುತ್ತದೆ. ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕಿ, ಮಡಿಸಿ, ಕಪಾಟಿನಲ್ಲಿ ಜೋಡಿಸಿ ನಿವೃತ್ತರಾದವರು ಅವರು. ಅಲ್ಲಿ ಮೇಲಿನವರ ಭಯಕ್ಕೆ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದರಂತೆ. ಮನೆಯಲ್ಲಿ ಅವರಿಗೆ ಯಾರ ಭಯವೂ ಇಲ್ಲ, ಸೊಸೆಯಾದ ನನ್ನದಂತೂ ಮೊದಲೇ ಇಲ್ಲ.

ಅವರು ಹೆದರುತ್ತಿದ್ದದ್ದು ಒಂದೇ ಗಡುವಿಗೆ, ಕ್ರಿಸ್‌ಮಸ್‌ಗೆ. ಆ ದಿನ ನಮ್ಮ ಮನೆಯಿಂದ ಯಾರಿಗೆ ಏನು ಹೋದರೂ ಅದು ಕೈಯಲ್ಲಿ ಹೊಲಿದದ್ದೇ ಆಗಿರಬೇಕು. ಡಿಸೆಂಬರ್ ಬಂತೆಂದರೆ ಮನೆಯೊಳಗೆ ಕಾಲಿಡಲು ಜಾಗವಿಲ್ಲ. ಊಟದ ಮೇಜಿನ ತುಂಬ ಕತ್ತರಿಸಿದ ಹಳೆಯ ಅಂಗಿಗಳು, ಕುರ್ಚಿಯ ಬೆನ್ನಿಗೆ ಅರ್ಧ ಹೊಲಿದ ಏಪ್ರನ್ನುಗಳು, ಸಕ್ಕರೆ ಡಬ್ಬಿಯಲ್ಲಿ ಗುಂಡಿಗಳು. ನನ್ನ ಗಂಡ ಒಂದು ಸಲ ಆಫೀಸಿನಲ್ಲಿ ಕುಳಿತ ಮೇಲೆಯೇ ಪ್ಯಾಂಟಿನಲ್ಲಿ ಸೂಜಿ ಇರುವುದು ತಿಳಿದು, ಅಲ್ಲಿಯವರೆಲ್ಲ ನೋಡುವಂತೆ ಎಗರಿ ನಿಂತಿದ್ದರು.

ಈ ಗಲಾಟೆಗೆ ಒಂದು ಲಗಾಮು ಇತ್ತು. ಅದು ಅತ್ತೆಯ ಅಕ್ಕ, ನನಗೆ ದೊಡ್ಡತ್ತೆ. ನಾಲ್ಕು ಬೀದಿ ಆಚೆ ಒಬ್ಬರೇ ಇದ್ದ ಅವರು ಟೈಲರ್. ಅವರ ಹೊಲಿಗೆ ಹೇಗಿತ್ತು ಅಂದರೆ, ಅಕ್ಕಿಕಾಳಿಗಿಂತ ಚಿಕ್ಕದು, ಎಲ್ಲ ಒಂದೇ ಅಳತೆ, ಗೆರೆ ಎಳೆದು ಹೊಲಿದರೂ ಬೇರೆಯವರಿಗೆ ಹಾಗೆ ಬರುತ್ತಿರಲಿಲ್ಲ. ಅತ್ತೆಯ ಹೊಲಿಗೆ ದೊಡ್ಡದು, ಸಡಿಲ, ಆದರೆ ನೆಟ್ಟಗೆ ಹೋಗುತ್ತದೆ. ಪ್ರತಿ ವರ್ಷ ಇಬ್ಬರೂ ಸೇರಿ ಒಂದು ದೊಡ್ಡ ಕೌದಿ ಹೊಲಿಯುತ್ತಿದ್ದರು. ಕೌದಿಯನ್ನು ನಡುವೆ ಹರವಿಕೊಂಡು, ದೊಡ್ಡತ್ತೆ ಕಿಟಕಿ ಕಡೆಯಿಂದ, ಅತ್ತೆ ಗೋಡೆ ಕಡೆಯಿಂದ, ಒಂದೊಂದೇ ಸಾಲು ಹಾಕುತ್ತ ಮಧ್ಯಕ್ಕೆ ಬಂದು ಸೇರುವುದು ಅವರ ಪದ್ಧತಿ. ಸೇರುವ ದಿನ ತಪ್ಪದೆ ಜಗಳ.

"ನಿನ್ನ ಹೊಲಿಗೆ ಒಳಗೆ ಕಾಲಿನ ಹೆಬ್ಬೆರಳು ಸಿಕ್ಕಾಕೊಳುತ್ತೆ ಕಣೇ," ಎಂದು ದೊಡ್ಡತ್ತೆ.

"ನಿನ್ನ ಹಾಗೆ ಹೊಲಿದ್ರೆ ಹೊದ್ಕೊಳೋರು ಸತ್ತ ಮೇಲೆ ಮುಗಿಯುತ್ತೆ," ಎಂದು ಅತ್ತೆ.

ಕಳೆದ ವರ್ಷ ಮಾರ್ಚಿನಲ್ಲಿ ದೊಡ್ಡತ್ತೆಯ ಕೈ ನಡುಗಲು ಶುರುವಾಯಿತು. ನರದ ಕಾಯಿಲೆ ಎಂದರು. ಅತ್ತೆ ಹೋಗಿ, ಅಕ್ಕನನ್ನೂ ಅಕ್ಕನ ಹೊಲಿಗೆ ಪೆಟ್ಟಿಗೆಯನ್ನೂ ಕರೆದುಕೊಂಡು ಬಂದರು. ದೊಡ್ಡತ್ತೆಗೆ ಒಬ್ಬಳೇ ಮಗಳು, ನನ್ನ ನಾದಿನಿ. ದೂರದ ಊರಿನಲ್ಲಿ ಚೊಚ್ಚಲ ಬಸುರಿ, ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅವಳಿಗಾಗಿ ಒಂದು ಕೌದಿ ಕ್ರಿಸ್‌ಮಸ್ ಒಳಗೆ ಮುಗಿಸುತ್ತೇನೆಂದು ದೊಡ್ಡತ್ತೆ ಹಟ ಹಿಡಿದರು. ಬೆನ್ನಿಗೆ ಒರಗು ಬೇಕಾದ್ದರಿಂದ ಈ ಸಲ ಅವರೇ ಗೋಡೆ ಕಡೆ ಕುಳಿತರು, ಅತ್ತೆ ಕಿಟಕಿ ಕಡೆಗೆ ಬಂದರು. ನಾನು ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಸಂಜೆ ಬರುವವಳು. ಈ ಅದಲುಬದಲನ್ನು ನಾನು ಗಮನಿಸಲೇ ಇಲ್ಲ.

ಒಂದನ್ನು ಮಾತ್ರ ಕೇಳಿಸಿಕೊಂಡಿದ್ದೆ. ಭಾನುವಾರಗಳಲ್ಲಿ ಮಗಳ ಫೋನ್ ಬಂದಾಗ ದೊಡ್ಡತ್ತೆ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದುಕೊಂಡು ನಗುನಗುತ್ತ ಮಾತಾಡುತ್ತಿದ್ದರು. ಫೋನ್ ಇಟ್ಟ ಮೇಲೆ ನಮ್ಮ ಕಡೆ ತಿರುಗಿ, "ಕೈ ಹೀಗಾಗಿದೆ ಅಂತ ಅವಳಿಗೆ ಯಾರೂ ಹೇಳ್ಬೇಡಿ. ಹೆದರ್ಕೋತಾಳೆ. ನನ್ನಾಣೆ," ಎನ್ನುತ್ತಿದ್ದರು. ಅತ್ತೆ ಆಗಲಿ ಎಂದು ತಲೆಯಾಡಿಸುತ್ತಿದ್ದರು.

ಸೆಪ್ಟೆಂಬರಿನಲ್ಲಿ ದೊಡ್ಡತ್ತೆ ಹೋದರು. ಮಗಳು ಬರುವ ಸ್ಥಿತಿಯಲ್ಲಿರಲಿಲ್ಲ. ಅಕ್ಟೋಬರಿನಲ್ಲಿ ಅವಳಿಗೆ ಹೆಣ್ಣು ಮಗು ಆಯಿತು. ಕ್ರಿಸ್‌ಮಸ್‌ಗೆ ಮಗುವನ್ನು ಎತ್ತಿಕೊಂಡು ಬರುತ್ತೇನೆಂದು ಫೋನಿನಲ್ಲಿ ಬಿಕ್ಕಿಬಿಕ್ಕಿ ಅಳುತ್ತ ಹೇಳಿದಳು. ಅತ್ತೆ ಮಾತ್ರ ಅಳಲಿಲ್ಲ. ಸಾವಿನ ದಿನವೂ ಇಲ್ಲ, ಆಮೇಲೂ ಇಲ್ಲ. "ಅವಳು ಬರೋದ್ರೊಳಗೆ ಕೌದಿ ಆಗ್ಬೇಕು. ಅವಳ ಅಮ್ಮನ ಕೈ ಅದರಲ್ಲಿದೆ. ಅವಳಿಗೆ ಉಳಿದಿರೋದು ಅದೊಂದೇ," ಎಂದಷ್ಟೇ ಹೇಳುತ್ತಿದ್ದರು.

ಇನ್ನು ನನ್ನ ಕಥೆ. ನಾನು ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಮಾಡುವವಳು. ಮುಂದೆ ಬಂದ ಅಂಗಿಯನ್ನು ಹರವಿ, ಸೊಟ್ಟ ಹೊಲಿಗೆ ಎಲ್ಲಿದೆ ಎಂದು ಹುಡುಕಿ, ಅಲ್ಲಿ ಒಂದು ಬಾಣದ ಚೀಟಿ ಅಂಟಿಸಿ ವಾಪಸ್ ಕಳಿಸುವುದೇ ಹದಿನಾಲ್ಕು ವರ್ಷದಿಂದ ನನ್ನ ಕೆಲಸ. ಸೊಟ್ಟ ಹೊಲಿಗೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆ ಮನೆಯಲ್ಲೂ ಪಕ್ಕದವರ ತೋಳಿನ ಅಂಚು ನೋಡುತ್ತ ಕೂರುವವಳು ನಾನು. ಇದನ್ನು ಒಂದು ಹೆಚ್ಚುಗಾರಿಕೆ ಎಂದೇ ತಿಳಿದಿದ್ದೆ.

ಡಿಸೆಂಬರಿನ ಎರಡನೆಯ ಭಾನುವಾರ ಅತ್ತೆ ಕನ್ನಡಕ ಬದಲಾಯಿಸಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಮನೆ ಗುಡಿಸಲು ಕೌದಿಯನ್ನು ಎತ್ತಿದೆ. ಗೋಡೆ ಕಡೆಯ ಹತ್ತೊಂಬತ್ತು ಸಾಲು ನೋಡಿ ಗಾಬರಿಯಾಯಿತು. ಹೊಲಿಗೆ ಮೇಲೆ ಹೋಗಿ ಕೆಳಗಿಳಿದು, ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಎರಡು ಬೆರಳು ಖಾಲಿ ಬಿಟ್ಟು, ಕೋಳಿ ಕೆದರಿದ ಹಾಗಿತ್ತು. ಪಾಪ, ಅತ್ತೆಯ ಕಣ್ಣು ಇಷ್ಟು ಮಂಜಾಗಿದೆ ಅಂದುಕೊಂಡೆ. ಕಿಟಕಿ ಕಡೆಯದು ನೆಟ್ಟಗಿತ್ತು, ಪ್ರತಿ ವರ್ಷದಂತೆ ಅದು ದೊಡ್ಡತ್ತೆಯದು, ಕಾಯಿಲೆಯಿಂದ ಸ್ವಲ್ಪ ಸಡಿಲವಾಗಿದೆ ಎಂದು ಲೆಕ್ಕ ಹಾಕಿದೆ. ತಾಯಿಯ ನೆನಪಿಗೆ ಕೊಡುವ ಕೌದಿಯ ಅರ್ಧ ಹೀಗಿದ್ದರೆ ಹೇಗೆ? ಅತ್ತೆ ಬರುವುದರೊಳಗೆ ಸದ್ದಿಲ್ಲದೆ ಸರಿಮಾಡಿಬಿಡೋಣ ಎಂದು ದಾರ ಕತ್ತರಿಸುವ ಟ್ರಿಮ್ಮರ್ ತೆಗೆದುಕೊಂಡು ಕುಳಿತೆ. ಬಿಚ್ಚುವುದರಲ್ಲಿ ನನ್ನಷ್ಟು ಚುರುಕಿನವರು ನಮ್ಮ ಫ್ಯಾಕ್ಟರಿಯಲ್ಲೇ ಇಲ್ಲ. ಹತ್ತೊಂಬತ್ತು ಸಾಲನ್ನೂ ಎರಡು ಗಂಟೆಯಲ್ಲಿ ಬಿಚ್ಚಿದೆ. ಒಂದು ಮೂಲೆಗೆ ನೀರು ಚಿಮುಕಿಸಿ, ಇಸ್ತ್ರಿ ಎಳೆದು, ದೊಡ್ಡತ್ತೆ ಮೆಚ್ಚುವ ಹಾಗೆ ಚಿಕ್ಕ ಚಿಕ್ಕ ಹೊಲಿಗೆಯಲ್ಲಿ ಗೇಣಗಲ ಜಾಗ ಹೊಲಿದೂ ಬಿಟ್ಟೆ.

ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದವರು ಹೊಸ ಕನ್ನಡಕದಲ್ಲಿ ಮೊದಲು ನೋಡಿದ್ದು ಇದನ್ನೇ.

"ಯಾವ ಕಡೆದು ಬಿಚ್ಚಿದ್ದು?" ಎಂದರು.

"ನಿಮ್ಮ ಕಡೇದು ಅತ್ತೆ. ಗೋಡೆ ಕಡೇದು. ಸ್ವಲ್ಪ ಸೊಟ್ಟಗಿತ್ತು, ಅದಕ್ಕೇ..."

"ಗೋಡೆ ಕಡೆ ಅಕ್ಕ ಕೂತಿದ್ದು."

ಕೈಯಲ್ಲಿದ್ದ ಸೂಜಿ ಕೆಳಗಿಟ್ಟೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಬಿಚ್ಚಿದ ದಾರ ಎಲ್ಲಿ ಎಂದು ಕೇಳಿದರು. ನಮ್ಮ ಮನೆಯಲ್ಲಿ ದಾರದ ಚೂರನ್ನು ಎಸೆಯುವುದಿಲ್ಲ, ದಿಂಬಿಗೆ ತುಂಬಲು ಒಂದು ಚೀಲದಲ್ಲಿ ಹಾಕಿಡುತ್ತೇವೆ. ನಾನೂ ಜಾಣೆಯ ಹಾಗೆ ಅದರಲ್ಲೇ ಹಾಕಿದ್ದೆ. ಅತ್ತೆ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರು. ಎಲ್ಲ ಒಂದೇ ಬಿಳಿ ದಾರ, ಎಷ್ಟೋ ವರ್ಷಗಳದ್ದು. ಅದರಲ್ಲಿ ಅಕ್ಕನದು ಯಾವುದೆಂದು ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಅವರು ಆ ಹಿಡಿಯನ್ನು ಮತ್ತೆ ಚೀಲಕ್ಕೆ ಹಾಕಿ, ಗೋಡೆಗೆ ಒರಗಿ ಕುಳಿತರು.

ಏನಾದರೂ ಮಾಡಬೇಕೆನಿಸಿ, ಉಳಿದ ಬಟ್ಟೆಯ ಸುಕ್ಕಾದರೂ ಹೋಗಲೆಂದು ನಾನು ನೀರಿನ ಬಟ್ಟಲಿಗೆ ಕೈ ಹಾಕಿದೆ.

"ನೀರು ಮುಟ್ಟಿಸ್ಬೇಡ!" ಎಂದು ಅತ್ತೆ ಕಿರುಚಿದರು. ಆ ಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಕೌದಿಯನ್ನು ಎಳೆದುಕೊಂಡು ಕಿಟಕಿಯ ಹತ್ತಿರ ಹೋದರು. ಬಿಚ್ಚಿದ ಗೋಡೆ ಕಡೆಯ ಮೇಲ್ಬಟ್ಟೆ ಹಳೆಯ ಕಿಟಕಿ ಪರದೆಯದು, ಗಾಢ ನೀಲಿ, ಒತ್ತಾದ ನೇಯ್ಗೆ. ಬೆಳಕು ಓರೆಯಾಗಿ ಬಿದ್ದಾಗ ಅದರ ಮೇಲೆ ಸೂಜಿ ಹೋದ ತೂತುಗಳು ಒಂದೊಂದಾಗಿ ಕಂಡವು. ನೀರು ತಾಗಿದರೆ ನೂಲು ಉಬ್ಬಿ ತೂತು ಮುಚ್ಚಿಹೋಗುತ್ತದೆ ಎಂಬುದು ಬಟ್ಟೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಇದ್ದವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ನಾನು ಇಸ್ತ್ರಿ ಮಾಡಿದ ಮೂಲೆಯಲ್ಲಿ ಮಾತ್ರ ಏನೂ ಉಳಿದಿರಲಿಲ್ಲ.

"ಇಲ್ಲೇ ಇದಾಳೆ," ಎಂದರು ಅತ್ತೆ. ಸೂಜಿಗೆ ದಾರ ಪೋಣಿಸಿಕೊಡು ಎಂದು ನನಗೆ ಕೊಟ್ಟರು.

ಅವತ್ತಿನಿಂದ ಕ್ರಿಸ್‌ಮಸ್‌ವರೆಗೆ ಅವರು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಓರೆ ಬಿಸಿಲು ಇರುತ್ತಿದ್ದದ್ದು ಮಧ್ಯಾಹ್ನ ಎರಡೂವರೆಯಿಂದ ಐದರ ತನಕ, ತೂತು ಕಾಣುತ್ತಿದ್ದದ್ದು ಅಷ್ಟು ಹೊತ್ತೇ. ಮೋಡ ಮುಚ್ಚಿದ ದಿನ ಕೈಕಟ್ಟಿ ಕುಳಿತು ಆಕಾಶಕ್ಕೆ ಶಾಪ ಹಾಕುತ್ತಿದ್ದರು. ನಾನು ಫ್ಯಾಕ್ಟರಿಯಲ್ಲಿ ಒಂದು ವಾರ ರಜೆ ಕೇಳಿ ಪಡೆದೆ. ಬೀದಿಯವರ ಏಪ್ರನ್ನು, ದಿಂಬಿನ ಚೀಲ, ಎಲ್ಲವನ್ನೂ ಅಡುಗೆಮನೆಯಲ್ಲಿ ಕೂತು ನಾನೇ ಮುಗಿಸಿದೆ. ಅಷ್ಟಾದರೂ ಮಾಡದಿದ್ದರೆ ನನಗೆ ಉಂಡದ್ದು ಇಳಿಯುತ್ತಿರಲಿಲ್ಲ.

ನೆಟ್ಟಗೆ ಹೊಲಿಯುವ ಕೈ ಸೊಟ್ಟಗೆ ಹೊಲಿಯುವುದು ಎಷ್ಟು ಕಷ್ಟ ಎಂದು ಆಗ ನೋಡಿದೆ. ಪ್ರತಿ ತೂತನ್ನೂ ಉಗುರಿನಿಂದ ಸವರಿ ಹುಡುಕಿ, ಅದರೊಳಗೇ ಸೂಜಿ ಇಳಿಸಬೇಕು. ನಡುನಡುವೆ ಅತ್ತೆ ತಮ್ಮಷ್ಟಕ್ಕೆ ಎನ್ನುವಂತೆ ಮಾತಾಡುತ್ತಿದ್ದರು. "ನೋಡು, ಇಲ್ಲಿ ಅವಳಿಗೆ ಸುಸ್ತಾಗಿದೆ." "ಇಲ್ಲಿ ಮೂರು ಸಲ ಚುಚ್ಚಿದಾಳೆ, ಮೂರೂ ತಪ್ಪು. ನಾನು ಎದುರಿಗೇ ಕೂತಿದ್ದೆ ಕಣೇ, ಕೊಡು ನಾನು ಹಾಕ್ತೀನಿ ಅನ್ಲಿಲ್ಲ. ಅಂದಿದ್ರೆ ಅವಳಿಗೆ ಬೇಜಾರಾಗ್ತಿತ್ತು." ಕೊನೆಯ ಸಾಲು ಕೌದಿಯ ನಡುವಿಗೆ ಬರುವ ಮೊದಲೇ ನಿಂತುಹೋಗಿತ್ತು. ಅತ್ತೆಯೂ ಅಲ್ಲೇ ಗಂಟು ಹಾಕಿದರು. ನನ್ನ ಮೂಲೆಯನ್ನು ಬಿಚ್ಚಲೇ ಎಂದು ಕೇಳಿದೆ. "ಬಿಚ್ಚಿ ಏನ್ಮಾಡ್ತೀಯಾ, ಅದರ ಕೆಳಗೆ ಏನೂ ಇಲ್ವಲ್ಲ," ಎಂದರು.

ಇಪ್ಪತ್ನಾಲ್ಕರ ಬೆಳಿಗ್ಗೆ ಅಂಚು ಮುಗಿಯಿತು. "ಆಯ್ತು," ಎಂದರು ಅತ್ತೆ. ಆ ಮಾತನ್ನು ಅವರು ಕೆಲಸ ಮುಗಿದ ಮೇಲೆ ಹೇಳಿದ್ದನ್ನು ನಾನು ಕೇಳಿದ್ದು ಅಂದೇ.

ಮಧ್ಯಾಹ್ನ ನಾದಿನಿ ಬಂದಳು. ಮಗುವನ್ನು ನನ್ನ ಕೈಗೆ ಕೊಟ್ಟು, ಅಮ್ಮ ಮಲಗುತ್ತಿದ್ದ ಮಂಚವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಅತ್ತೆ ಕೌದಿ ತಂದು ಆ ಮಂಚದ ಮೇಲೆಯೇ ಹರವಿದರು. ಹೊಸ ಕನ್ನಡಕದ ಹಿಂದೆ ಅವರ ಕಣ್ಣುಗಳು ನಾದಿನಿಯ ಮುಖವನ್ನೇ ನೋಡುತ್ತಿದ್ದವು.

ನಾದಿನಿ ಅಂಗೈಯಿಂದ ಸವರುತ್ತ ಹೋದಳು. ಕಿಟಕಿ ಕಡೆಯ ಉದ್ದ ಹೊಲಿಗೆಗೆ ಬಂದಾಗ ನಕ್ಕಳು. "ಇದು ಚಿಕ್ಕಮ್ಮ. ಹೆಬ್ಬೆರಳು ಸಿಕ್ಕಾಕೊಳೋ ಹೊಲಿಗೆ." ಆಮೇಲೆ ಗೋಡೆ ಕಡೆಗೆ ಬಂದಳು. ಸೊಟ್ಟ ಸಾಲುಗಳನ್ನು ನೋಡಿ, "ಅಯ್ಯೋ ಚಿಕ್ಕಮ್ಮಾ, ಇದೂ ನೀವೇನಾ? ಏನಿದು, ಕನ್ನಡಕ ಎಲ್ಲಿಟ್ಟು ಹೊಲಿದ್ರಿ?" ಎಂದಳು. ಅತ್ತೆ ಬಾಯಿ ತೆರೆದರು. ಅಷ್ಟರಲ್ಲಿ ಅವಳ ಕೈ ಮೂಲೆಗೆ ಹೋಗಿ ನಿಂತಿತು.

"ಅಮ್ಮ," ಎಂದಳು. "ಇದು ಅಮ್ಮಂದು. ಅಕ್ಕಿಕಾಳಿನ ಹಾಗೆ... ನೋಡಿ ಅತ್ತಿಗೆ, ಒಂದು ಹೊಲಿಗೆನಾದ್ರೂ ಆಚೀಚೆ ಆಗಿದೆಯಾ? ಕೊನೇವರೆಗೂ ಅವಳ ಕೈ ಹಾಗೇ ಇತ್ತಲ್ಲಾ." ಆ ಗೇಣಗಲ ಜಾಗದ ಮೇಲೆ ಕೆನ್ನೆ ಇಟ್ಟು ಅಳತೊಡಗಿದಳು.

ಅದು ನಾನು ಹೊಲಿದದ್ದು. ಗೋಡೆ ಕಡೆಯಲ್ಲಿ ಅವಳ ತಾಯಿಯ ಕೈ ಇಲ್ಲದ ಜಾಗ ಅದೊಂದೇ. ನನಗೆ ತಡೆಯಲಾಗಲಿಲ್ಲ. "ಅದು..." ಎಂದು ಶುರುಮಾಡಿದೆ.

"ಹೌದು ಕಣಮ್ಮ, ಅದು ನಿಮ್ಮಮ್ಮಂದೇ," ಎಂದರು ಅತ್ತೆ, ನನ್ನ ಮಾತಿನ ಮೇಲೆಯೇ. "ಅಷ್ಟೇ ಹೊಲಿಯೋಕಾಗಿದ್ದು ಅವಳಿಗೆ. ಉಳಿದಿದ್ದೆಲ್ಲ ನಂದು. ಕಣ್ಣು ಹೋಯ್ತಲ್ಲ ನಂಗೆ, ಸೊಟ್ಟಪಟ್ಟ ಆಗಿದೆ. ಬೇಜಾರು ಮಾಡ್ಕೋಬೇಡ." ನನ್ನ ಕಡೆ ತಿರುಗಿ, "ನೀನು ಹೋಗಿ ಟೀಗೆ ಇಡು," ಎಂದರು.

ನಾನು ಮಗುವನ್ನು ಎತ್ತಿಕೊಂಡೇ ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿನಲ್ಲಿ ಅತ್ತೆ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದರು.

"ಯಾಕತ್ತೆ?" ಎಂದೆ. "ಅಷ್ಟು ದಿನ ಕಷ್ಟಪಟ್ಟು, ಒಂದು ಮಾತು ಹೇಳಬಾರದಿತ್ತಾ?"

"ಅಕ್ಕ ಕೇಳಿದ್ದು ಒಂದೇ ಅಲ್ವಾ? ಕೈ ನಡುಗೋದು ಅವಳಿಗೆ ಗೊತ್ತಾಗ್ಬಾರ್ದು ಅಂತ," ಎಂದರು. ಮೊಳೆಗೆ ತೂಗುಹಾಕಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ತೆಗೆದುಕೊಂಡರು. ಒಲೆಯ ಮೇಲೆ ನೀರು ಕುದಿಯುವ ಸದ್ದಿನಲ್ಲಿ, ಹೊರಗಿನವರಿಗೆ ಕೇಳಿಸದ ಹಾಗೆ ಅದನ್ನು ಬಾಯಿಗೆ ಒತ್ತಿಕೊಂಡರು. ಅಕ್ಕ ಸತ್ತು ಮೂರು ತಿಂಗಳಾದ ಮೇಲೆ ನಮ್ಮತ್ತೆ ಅತ್ತರು.