ಗೆರೆ ಸವೆದ ಬೆರಳು

ಗೋದಾಮಿನಲ್ಲಿ ಅವಳು ಎಲ್ಲರಿಗೂ ಪ್ಯಾಕಿಂಗ್ ಅಕ್ಕ. ಆರು ವರ್ಷ ರಟ್ಟಿನ ಡಬ್ಬ ಮಡಿಸಿ ಮಡಿಸಿ ಅವಳ ಬೆರಳೆಲ್ಲ ನುಣ್ಣಗಾಗಿ, ಹಾಜರಿ ಮಿಷನ್ನಿಗೆ ಎಷ್ಟೋ ಸಲ ಗುರುತೇ ಸಿಗುತ್ತಿರಲಿಲ್ಲ. ಹೋದ ತಿಂಗಳು ಒಂಬತ್ತು ದಿನ ಹಾಗಾಯಿತು. ಸೂಪರ್‌ವೈಸರ್ ಮಹಾಶಯ ಅವಳ ಹಾಜರಿಯನ್ನು ಚೀಟಿಯಲ್ಲಿ ಬರೆದುಕೊಂಡ, ಚೀಟಿ ಕಳೆದುಹಾಕಿದ. ಅವಳನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿ ಒಂಬತ್ತು ದಿನದ ಸಂಬಳ ಹಿಡಿಯಿತು.

"ಸುಮ್ಮನಿದ್ದರೆ ತಲೆ ಮೇಲೆ ಕೂರ್ತಾರೆ, ಹೋಗಕ್ಕ" ಎಂದು ತಂಗಿ ದಬ್ಬಿದಳು. ದಬ್ಬುವವರಿಗೇನು? ಏಜೆನ್ಸಿಯ ಮೆಟ್ಟಿಲು ಹತ್ತಬೇಕಾದವಳು ಇವಳು. ಕೇಳಲು ಹೋಗಿ ಕೆಲಸಕ್ಕೇ ಸಂಚಕಾರ ಬಂದರೆ?

ಹಿಡಿದ ಸಂಬಳ ಕೇಳಿದ್ದಕ್ಕೆ ಏಜೆನ್ಸಿ ಮ್ಯಾನೇಜರ್ ಕತ್ತೆತ್ತದೆ, "ಮಿಷನ್ನು ಸುಳ್ಳು ಹೇಳಲ್ಲಮ್ಮ" ಅಂದ.

ಅವಳು ಮುಂದೆ ಸರಿದಳು. ಅವನ ಮೇಜಿನ ಮೇಲಿದ್ದ ಶಾಯಿ ಪ್ಯಾಡಿಗೆ ಹೆಬ್ಬೆರಳು ಅದ್ದಿ ಬಿಳಿ ಹಾಳೆಗೆ ಒತ್ತಿದಳು. ಒಂದು ಗೆರೆಯೂ ಇಲ್ಲದ ನೀಲಿ ಬೊಟ್ಟು ಮೂಡಿತು. ಉಳಿದ ಬೆರಳುಗಳದ್ದೂ ಅದೇ ಕಥೆ.

ಅವನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಸರಿ, ಒಂಬತ್ತೂ ದಿನ ಸೇರಿಸ್ತೀನಿ."

ಅವಳಿಗೆ ಹೋದ ಜೀವ ಬಂದಂತಾಯಿತು.

ಹಾಳೆಯನ್ನು ಅವಳ ಫೈಲಿಗೆ ಪಿನ್ ಹಾಕುತ್ತಾ ಅವನು, "ಮುಂದಿನ ತಿಂಗಳಿಂದ ಮಿಷನ್ನಿಗೆ ಗುರುತು ಸಿಗೋ ಬೆರಳಿನವರನ್ನೇ ಕಳಿಸಿ ಅಂದಿದ್ದಾರೆ ಗೋದಾಮಿನವರು" ಅಂದ.

ಅವಳು ನೀಲಿ ಬೆರಳುಗಳನ್ನು ಮುಷ್ಟಿಯೊಳಗೆ ಅಡಗಿಸಿದಳು. ಸಾಕ್ಷಿ ಆಗಲೇ ಫೈಲು ಸೇರಿತ್ತು, ಕೊಟ್ಟವಳೂ ಅವಳೇ.