ಮೊದಲು ಸಾಯುವ ಪಾತ್ರ

ನಾನು ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲ. ಶನಿವಾರ ಕ್ಲಾಸು ಬೇಗ ಬಿಡುತ್ತಿತ್ತು. ಕಾಲೇಜಿನ ಹಿಂದೆಯೇ ಇದ್ದ ಗೆಳತಿಯ ಮನೆಗೆ ಹೋಗಿ, ಹಿಂದಿಗೆ ಡಬ್ ಆದ ಇಂಗ್ಲಿಷ್ ಕೊಲೆ ಸಿನಿಮಾಗಳ ಸಿಡಿ ಹಾಕಿ ನೋಡುತ್ತಿದ್ದೆವು. ಮನೆಯಲ್ಲಿ ಉರ್ದು ಮಾತಾಡುವ ಅವಳು ನನಗೆ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು.

ಮುಖವಾಡದವನು ಚಾಕು ಹಿಡಿದು ಬಂದರೆ ನಮಗೆ ಭಯಕ್ಕಿಂತ ನಗುವೇ ಹೆಚ್ಚು. ಆದರೆ ಒಂದು ಸಂಗತಿ ನನ್ನ ಹೊಟ್ಟೆ ಉರಿಸುತ್ತಿತ್ತು. ನಮ್ಮ ಮುಂದಿನ ಮಂಡಕ್ಕಿ ಅರ್ಧ ಖಾಲಿಯಾಗುವುದರೊಳಗೆ ಗುಂಪಿನ ಕಪ್ಪು ಹುಡುಗಿ ಸತ್ತಿರುತ್ತಿದ್ದಳು. ನನ್ನ ಬಣ್ಣವೂ ಅದೇ. ಕೊನೆಗೆ ಉಳಿಯುವವಳು ಯಾವಾಗಲೂ ಬೆಳ್ಳಗಿನವಳು.

"ನಿಮ್ಮಂಥಾರು ಸಾಯಾಕರ ಬರ್ತಾರ," ಎಂದಳು ಗೆಳತಿ, ಮಂಡಕ್ಕಿ ಮುಕ್ಕುತ್ತ. "ನಮ್ಮಂಥಾಕಿ ಸಾಯಾಕೂ ಬರಂಗಿಲ್ಲ ನೋಡ."

ಆ ವರ್ಷದ ಗ್ಯಾದರಿಂಗಿಗೆ, ಅಂದರೆ ಕಾಲೇಜಿನ ವಾರ್ಷಿಕೋತ್ಸವಕ್ಕೆ, ಅಂಥದೇ ಒಂದು ಕೊಲೆ ನಾಟಕ ಮಾಡುವುದೆಂದಾಯಿತು. ಕೊನೆಗೆ ಉಳಿಯುವ ಪಾತ್ರ ಕೇಳಲೇಬೇಕೆಂದು ನಾನು ಬಸ್ಸಿನುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ನಾಟಕ ಮಾಡಿಸುವ ಸರ್ ನನ್ನತ್ತ ಒಮ್ಮೆ ನೋಡಿ, "ನೀ ಮೊದಲ ಸಾಯಿ," ಎಂದರು. ಉಳಿಯುವ ಪಾತ್ರ ಕ್ಲಾಸಿನ ಬೆಳ್ಳನೆಯ ಹುಡುಗಿಯ ಪಾಲಾಯಿತು. ಗೆಳತಿಗೆ ಪರದೆ ಎಳೆಯುವ ಕೆಲಸ. ಸಿಟ್ಟು ನೆತ್ತಿಗೇರಿದರೂ "ಹೂಂ ರೀ ಸರ್" ಎಂದೆ.

ರಕ್ತದ ಜವಾಬ್ದಾರಿಯೂ ನನಗೇ ಬಂತು. ಬ್ಯಾಡಗಿಯವಳಲ್ಲವೇ! ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊಲಿಯುತ್ತಿದ್ದರು, ಅವ್ವ ತೊಟ್ಟು ಬಿಡಿಸುತ್ತಿದ್ದಳು. ಆ ಧೂಳಿನಲ್ಲೇ ಬೆಳೆದವಳು ನಾನು. "ನಮ್ಮ ಕಾಯ್ಯಾಗ ಖಾರ ಎಲ್ಲೈತ್ರಿ ಸರ್, ಬರೇ ಬಣ್ಣ," ಎಂದು ಪುಡಿಯನ್ನು ನೀರಲ್ಲಿ ಕಲಸದೆ ಹಾಗೇ ತೆಳು ಕಾಗದದಲ್ಲಿ ಪೊಟ್ಟಣ ಕಟ್ಟಿ ಎದೆಯ ಮೇಲೆ ಸಿಕ್ಕಿಸಿಕೊಂಡೆ. ಸಿನಿಮಾದಲ್ಲಿ ಆಗುವಂತೆ ಕೂದಲು ಹಾರಲಿ ಎಂದು ಸರ್ ನನ್ನ ಬೆನ್ನ ಹಿಂದೆ ದೊಡ್ಡ ಫ್ಯಾನು ಇಡಿಸಿದ್ದರು.

ನಾಟಕದ ದಿನ ಕೊಲೆಗಾರ ಕಟ್ಟಿಗೆಯ ಚಾಕು ಬೀಸಿದ. ಪೊಟ್ಟಣ ಹರಿಯಿತು. ಕೆಂಪು ಪುಡಿಯೆಲ್ಲ ಹಾರಿ ಅವನ ಮುಖಕ್ಕೇ ಬಡಿಯಿತು. ಅವನು ಸೀನಿದ, ಚಾಕು ಬಿತ್ತು, ಮತ್ತೆ ಸೀನಿದ, ಸೀನುತ್ತಲೇ ಕೂತುಬಿಟ್ಟ. ಪಕ್ಕದಲ್ಲಿ ಕಿರುಚಬೇಕಿದ್ದ ನಾಯಕಿ ಸೀನುತ್ತ ಮೆಟ್ಟಿಲಿಳಿದು ಓಡಿದಳು. ಮುಂದಿನ ಸಾಲಿನಲ್ಲಿದ್ದ ಸರ್ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಮೂಗು ಕೂಡ ತುರಿಸಲಿಲ್ಲ. ಈಗ ನಾನು ಬಿದ್ದು ಸಾಯಬೇಕಿತ್ತು; ನಿಜ ಹೇಳುತ್ತೇನೆ, ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಪರದೆಯ ಮರೆಯಿಂದ ಗೆಳತಿ ದುಪಟ್ಟಾದಲ್ಲಿ ಮೂಗು ಬಿಗಿದುಕೊಂಡು, ಕೈಯಲ್ಲೊಂದು ಹಗ್ಗ ಹಿಡಿದು ಓಡಿಬಂದಳು. ಇಬ್ಬರೂ ಸೇರಿ ಕೊಲೆಗಾರನ ಕೈ ಕಟ್ಟಿದೆವು. ಹಾಲ್ ತುಂಬ ಸೀನು, ಸಿಳ್ಳೆ, ಚಪ್ಪಾಳೆ. ರಿಸಲ್ಟ್ ಬಂದ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಸ್ಟೇಜಿನ ಮೇಲೆ ಬದುಕಿ ಉಳಿದವರು ನಾವಿಬ್ಬರೇ. ಅವಳು ದುಪಟ್ಟಾ ಸರಿಸಿ ನನ್ನ ಕಿವಿಯಲ್ಲಿ ಹೇಳಿದಳು: "ಬಂದೇನಿ ನೋಡ. ಸಾಯಾಕಲ್ಲ."